ಕಲಸಿದ ಚೀಟಿಗಳು

ಎರಕದ ಕಬ್ಬಿಣದಲ್ಲಿ ಸಣ್ಣ ಬಿರುಕು ಬಿಟ್ಟರೆ ಬರಿಗಣ್ಣಿಗೆ ಕಾಣುವುದಿಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದು ಸ್ವಲ್ಪ ಹೊತ್ತು ಕಾಯಬೇಕು. ಬಿರುಕಿನೊಳಗೆ ಹೊಕ್ಕ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿ ಪುಡಿಯ ಮೇಲೆ ಒಂದು ಮಾಸಲು ಗೆರೆ ಎಳೆಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಹೋಗುವ ರಸ್ತೆಯಲ್ಲಿದ್ದ ಒಂದು ಪಂಪ್ ಕಾರ್ಖಾನೆಗೆ ನಾನು ಸೇರಿದ ಮೊದಲ ವರ್ಷ, ಆ ಗೆರೆ ಮೂಡುವುದನ್ನು ನೋಡುತ್ತ ಎಷ್ಟೋ ಮಧ್ಯಾಹ್ನಗಳನ್ನು ಕಳೆದೆ. ಗೆರೆ ಮೂಡಿದ ಪ್ರತಿ ಸಲವೂ ನನ್ನ ಬೆನ್ನ ಹಿಂದೆ ನಿಂತ ಮ್ಯಾನೇಜರು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಯಾವ ಶಿಫ್ಟ್‌ದು, ನೋಡು."

ಸೋರುತ್ತದೆಂದು ವಾಪಸು ಬಂದ ಪ್ರತಿ ಪಂಪಿನ ಕೆಳಗೂ ಅದು ತಯಾರಾದ ದಿನ ಮತ್ತು ಪಾಳಿಯ ಗುರುತು ಒತ್ತಿರುತ್ತಿತ್ತು. ನಾನು ತಿರುಗಿಸಿ ನೋಡಿ ಹೇಳುತ್ತಿದ್ದೆ. ಹೆಚ್ಚುಕಡಿಮೆ ಯಾವಾಗಲೂ ಎರಡನೇ ಪಾಳಿಯದೇ ಆಗಿರುತ್ತಿತ್ತು.

ನಾವು ಮಾಡುತ್ತಿದ್ದದ್ದು ಟ್ರ್ಯಾಕ್ಟರುಗಳಿಗೆ ಹಾಕುವ ಎಣ್ಣೆ ಪಂಪು. ಕೈಯಗಲದ ಎರಕದ ಬಾಡಿ, ಅದರೊಳಗೆ ಕೊರೆದ ತೂತು, ಆ ತೂತಿನಲ್ಲಿ ಕೂರುವ ಬುಷ್ ಎಂಬ ಗಟ್ಟಿ ಬಳೆ. ಬುಷ್ ತೂತಿಗಿಂತ ಒಂದಿಷ್ಟು ದಪ್ಪವಾಗಿಯೇ ಇರಬೇಕು. ಇಲ್ಲವಾದರೆ ಅದು ಒಳಗೇ ತಿರುಗಿಬಿಡುತ್ತದೆ. ಹಾಗಾಗಿ ಅದನ್ನು ಪ್ರೆಸ್ಸಿನಿಂದ ಒತ್ತಿ ಕೂರಿಸಬೇಕು. ಕೂತ ಮೇಲೆ ಬಾಡಿಯ ಗೋಡೆ ಆ ಬುಷ್ಷನ್ನು ಜೀವಮಾನವಿಡೀ ತಬ್ಬಿ ಹಿಡಿದಿರುತ್ತದೆ. ಆ ಹಿಡಿತವೇ ಗೋಡೆಯ ಮೇಲಿನ ಒತ್ತಡ. ಒತ್ತಡ ಮಿತಿಯೊಳಗಿದ್ದರೆ ಪಂಪು ವರ್ಷಗಟ್ಟಲೆ ಬಾಳುತ್ತದೆ. ಮಿತಿ ಮೀರಿದರೆ ನಮ್ಮ ಕಣ್ಣೆದುರು ಒಡೆಯುವುದಿಲ್ಲ. ಹೊಲದಲ್ಲಿ, ನಾಲ್ಕು ವಾರದ ನಂತರ, ಎಣ್ಣೆ ಸೋರಲು ಶುರುವಾಗುತ್ತದೆ.

ನಾನು ಗದಗಿನ ಕಡೆಯವಳು. ಆರ್.ಟಿ. ನಗರದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೆಬ್ಬಾಳದ ಮೇಲೆ ಹೋಗುವ ಕಾರ್ಖಾನೆಯ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಡೀ ಕಾರ್ಖಾನೆಯಲ್ಲಿ ಹೆಂಗಸರೆಂದರೆ ಟೆಲಿಫೋನ್ ನೋಡಿಕೊಳ್ಳುವಾಕೆ ಮತ್ತು ನಾನು, ಅಷ್ಟೆ. ನನ್ನದು ಗುಣಮಟ್ಟ ವಿಭಾಗ. ಅಳೆಯುವುದು, ಬರೆದಿಡುವುದು ಕೆಲಸ. ಮೈಕ್ರೋಮೀಟರ್ ಹಿಡಿದು ನಾನು ಯಾವ ಯಂತ್ರದ ಬಳಿ ನಿಂತರೂ ಅಲ್ಲಿಯ ಮಾತು ನಿಂತುಹೋಗುತ್ತಿತ್ತು. ನಾನು ಮ್ಯಾನೇಜರರ ಕಿವಿ ಎಂದು ಕೆಲಸಗಾರರು ನಂಬಿದ್ದರು. ಇತ್ತ ಮ್ಯಾನೇಜರರಿಗೆ, ಕೆಲಸಗಾರರು ನನ್ನನ್ನು ಅತ್ತು ಕರೆದು ಒಲಿಸಿಕೊಂಡುಬಿಡುತ್ತಾರೆ ಎಂಬ ಅನುಮಾನ. ಅವರು ಕಾಫಿಗೆ ಎದ್ದು ಹೋಗುವಾಗಲೂ ಡ್ರಾಯರಿಗೆ ಬೀಗ ಹಾಕುವವರು. ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗಿ ಬಂದು ಎಳೆದು ನೋಡುವವರು. ನಾನು ಬರೆದ ಅಳತೆಗಳನ್ನು ಆಗಾಗ ಇನ್ನೊಬ್ಬರಿಂದ ಗುಟ್ಟಾಗಿ ಅಳೆಯಿಸಿ ತಾಳೆ ನೋಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

"ಬಾಡಿ ಎಲ್ಲಾ ಇನ್ಸ್‌ಪೆಕ್ಷನ್ ಪಾಸು. ಬುಷ್ ಎಲ್ಲಾ ಪಾಸು," ಎಂದರು ಅವರು ಒಂದು ದಿನ, ಬಾಗಿಲು ಮುಂದೆ ಮಾಡಿ. "ಎರಡೂ ಸರಿ ಇದ್ಮೇಲೆ ಜೋಡಿಸಿದ್ದು ಯಾಕಮ್ಮ ಒಡೆಯತ್ತೆ? ಜೋಡ್ಸೋ ಕೈ ಸರಿಯಿಲ್ಲ ಅಂತ ತಾನೆ ಅರ್ಥ?"

ಎರಡನೇ ಪಾಳಿಯಲ್ಲಿ ಪ್ರೆಸ್ ನಡೆಸುತ್ತಿದ್ದ ಕೈ ಒಂದೇ. ಅವರು ಯಲಹಂಕದ ಹಳೇ ಊರಿನವರು, ನಲವತ್ತೈದರ ಆಸುಪಾಸಿನವರು, ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ಎಲ್ಲರೂ ಅವರನ್ನು ಸಾಬ್ರು ಎನ್ನುತ್ತಿದ್ದರು. ಮಧ್ಯಾಹ್ನ ಎರಡೂಕಾಲಿಗೆ ಸೈಕಲ್ಲಿನಲ್ಲಿ ಬಂದು, ಕೈಕಾಲು ತೊಳೆದು, ಎರಡೂವರೆಗೆ ಸರಿಯಾಗಿ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದರು. ಕೆಲಸದ ನಡುವೆ ಮಾತು ಕಡಿಮೆ. ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ಕು ಇರುತ್ತಿತ್ತು. ಆಗಾಗ ಅದನ್ನು ತೆಗೆದು, ಬಲದಿಂದ ಎಡಕ್ಕೆ, ಏನೋ ಬರೆದು ಮತ್ತೆ ಜೇಬಿಗಿಳಿಸುತ್ತಿದ್ದರು.

"ಏನು ಬರೀತಾನೆ ಅವನು?" ಎಂದು ಮ್ಯಾನೇಜರು ನನ್ನನ್ನು ಕೇಳಿದ್ದರು. "ಇಷ್ಟ್ ವರ್ಷ ಕೆಲಸ ಮಾಡಿದಾನೆ, ಕನ್ನಡ ಬರತ್ತೆ. ನಮಗೆ ಓದಕ್ಕಾಗದೇ ಇರೋದ್ರಲ್ಲಿ ಬರೆಯೋ ಅಗತ್ಯ ಏನು?"

ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಬಿರುಕಿನ ದೂರು ಬರುವುದಕ್ಕೆ ಎರಡು ತಿಂಗಳ ಮುಂಚೆ ಸಾಬ್ರು ಎರಡು ಸಲ ಅವರ ಕೋಣೆಗೆ ಬಂದು, ಸಂಜೆಯ ಬುಷ್‌ಗಳು ಬಹಳ ಬಿಗಿಯಾಗಿ ಹೋಗುತ್ತಿವೆ ಎಂದಿದ್ದರಂತೆ. ಮ್ಯಾನೇಜರು ರಿಜಿಸ್ಟರು ತೋರಿಸಿ, ಎಲ್ಲವೂ ಮಿತಿಯೊಳಗಿದೆ ಎಂದು ಕಳಿಸಿದ್ದರು. ಈಗ ಸಾಬ್ರ ಆ ಮಾತೇ ಅವರಿಗೆ ಪುರಾವೆಯಾಗಿ ಕಾಣುತ್ತಿತ್ತು. "ಮಾಡೋಕ್ ಮುಂಚೇನೇ ನೆಪ ಹೇಳಿಟ್ಟಿದಾನೆ" ಎಂದರು.

ನನಗೆ ಆ ಮಾತು ತರ್ಕಬದ್ಧವಾಗಿಯೇ ಕಂಡಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂದಿನಿಂದ ನಾನೂ ಸಾಬ್ರನ್ನು ಕಾಯತೊಡಗಿದೆ. ನನ್ನ ಬಸ್ಸು ಹೊರಡುವುದು ಐದೂಮುಕ್ಕಾಲಿಗೆ. ಅದಕ್ಕೆ ಮುಂಚಿನ ಒಂದು ಗಂಟೆ ಬಿಡಿಭಾಗಗಳ ಕಪಾಟಿನ ಸಂದಿಯಲ್ಲಿ ನಿಂತು, ಏನೋ ಎಣಿಸುವವಳಂತೆ ನಟಿಸುತ್ತ ಅವರ ಕೈ ನೋಡುತ್ತಿದ್ದೆ. ಬಾಡಿಯನ್ನು ಟ್ರೇಯಿಂದ ಎತ್ತಿ ಪ್ರೆಸ್ಸಿಗೆ ಇಡುವ ಮುಂಚೆ ಅವರು ಅದನ್ನು ಎಡಗೈಯ ಎರಡು ಬೆರಳಲ್ಲಿ ತೂಗುಹಾಕಿ ಹಿಡಿದು, ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟುತ್ತಿದ್ದರು. ಕೆಲವನ್ನು ತಟ್ಟಿ ಪಕ್ಕಕ್ಕಿಡುತ್ತಿದ್ದರು. ಸುತ್ತಿಗೆ ತಟ್ಟುವುದು ಕೆಲಸದ ಕ್ರಮದ ಹಾಳೆಯಲ್ಲಿ ಇರಲಿಲ್ಲ. ಮೊದಲ ಪಾಳಿಯವನು ತಟ್ಟುತ್ತಿರಲಿಲ್ಲ. ನಾನು ಅದನ್ನು ಬರೆದುಕೊಂಡೆ.

ಆದರೆ ಸುತ್ತಿಗೆಯೊಂದೇ ಸಾಲದು, ಲೆಕ್ಕ ಬೇಕು ಎಂದರು ಮ್ಯಾನೇಜರು. ಯೂನಿಯನ್ನಿನವರು ಸುಮ್ಮನೆ ಬಿಡುವುದಿಲ್ಲ, ಅಲ್ಲಗಳೆಯಲಾಗದಂಥದ್ದು ಏನಾದರೂ ಕೊಡು ಎಂದರು. ನನಗೆ ಕಾಲೇಜಿನಲ್ಲಿ ಓದಿದ್ದೊಂದು ವಿಧಾನ ನೆನಪಾಯಿತು.

ಯಾವ ಎರಡು ಬಾಡಿಯೂ ಒಂದೇ ಅಳತೆಯವಲ್ಲ. ಡ್ರಾಯಿಂಗು ಒಂದು ಕಿರಿದಾದ ಮಿತಿ ಕೊಟ್ಟಿರುತ್ತದೆ. ಆ ಮಿತಿಯೊಳಗೆ ಒಂದು ತೂತು ತುಸು ಚಿಕ್ಕದು, ಇನ್ನೊಂದು ತುಸು ದೊಡ್ಡದು. ಬುಷ್‌ಗಳೂ ಹಾಗೇ. ಎರಕದ ಗೋಡೆಯೂ ಒಂದರಲ್ಲಿ ತೆಳು, ಒಂದರಲ್ಲಿ ದಪ್ಪ. ಚಿಕ್ಕ ತೂತಿಗೆ ದಪ್ಪ ಬುಷ್ ಸಿಕ್ಕಿ, ಗೋಡೆಯೂ ತೆಳುವಾಗಿದ್ದರೆ ಒತ್ತಡ ಏರುತ್ತದೆ. ಅಂಥ ಮೂರೂ ಒಂದೇ ಪಂಪಿನಲ್ಲಿ ಸೇರುವುದು ಎಷ್ಟು ಸಲಕ್ಕೊಮ್ಮೆ? ಸಾವಿರಾರು ಪಂಪು ಮಾಡಿ ಒಡೆದು ನೋಡುವ ಬದಲು ಕಾಗದದ ಮೇಲೆಯೇ ಪಂಪುಗಳನ್ನು ಜೋಡಿಸಿ ನೋಡಬಹುದು. ದೊಡ್ಡ ಸಂಸ್ಥೆಗಳಲ್ಲಿ ಅದಕ್ಕೆ ಕಂಪ್ಯೂಟರು ಬಂದಿತ್ತೆಂದು ಕೇಳಿದ್ದೆ. ನನ್ನ ಬಳಿ ಇದ್ದದ್ದು ಮೂರು ಬಿಸ್ಕತ್ತಿನ ಡಬ್ಬಿ ಮತ್ತು ಮ್ಯಾನೇಜರು ಸಹಿ ಹಾಕಿಸಿಕೊಂಡು ಕೊಟ್ಟ ಒಂದು ಕ್ಯಾಲ್ಕುಲೇಟರು.

ರಿಜಿಸ್ಟರಿನಿಂದ ಎರಡು ವಾರದ ಅಳತೆಗಳನ್ನು ತೆಗೆದು ಒಂದೊಂದನ್ನೂ ಒಂದೊಂದು ಚೀಟಿಯ ಮೇಲೆ ಬರೆದೆ. ತೂತಿನ ಚೀಟಿಗಳು ಒಂದು ಡಬ್ಬಿಗೆ, ಬುಷ್ಷಿನವು ಇನ್ನೊಂದಕ್ಕೆ, ಗೋಡೆಯ ದಪ್ಪದವು ಮೂರನೆಯದಕ್ಕೆ. ಡಬ್ಬಿ ಮುಚ್ಚಿ ಜೋರಾಗಿ ಅಲ್ಲಾಡಿಸಿ, ಕಣ್ಣು ಮುಚ್ಚಿ ಪ್ರತಿಯೊಂದರಿಂದ ಒಂದೊಂದು ಚೀಟಿ ಎತ್ತುವುದು. ಅದು ಒಂದು ಪಂಪು. ಅದರ ಒತ್ತಡ ಲೆಕ್ಕ ಹಾಕಿ ಬರೆದುಕೊಂಡು, ಚೀಟಿಗಳನ್ನು ವಾಪಸು ಹಾಕಿ, ಮತ್ತೆ ಅಲ್ಲಾಡಿಸುವುದು. ಹೀಗೆ ಮೂರು ವಾರ, ಊಟದ ಬಿಡುವಿನಲ್ಲೂ ಅತ್ತೆಯ ಮನೆಯ ಜಗಲಿಯಲ್ಲೂ ಕೂತು ಐನೂರು ಪಂಪುಗಳನ್ನು ಜೋಡಿಸಿದೆ. ಅತ್ತೆ ಒಂದು ದಿನ ನಿಂತು ನೋಡಿ, "ಲಾಟರಿ ಆಡಾಕ ಹತ್ತೀಯೇನು?" ಎಂದರು.

ಐನೂರರಲ್ಲಿ ಒತ್ತಡ ಮಿತಿ ಮೀರಿದ್ದು ಮೂರು ಪಂಪು ಮಾತ್ರ. ಆದರೆ ಎರಡನೇ ಪಾಳಿಯ ಪಂಪುಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಒಡೆಯುತ್ತಿದ್ದವು. ನಾನು ವರದಿ ಬರೆದೆ. "ಭಾಗಗಳ ಅಳತೆಯ ಸಹಜ ವ್ಯತ್ಯಾಸದಿಂದ ಇಷ್ಟು ಬಿರುಕುಗಳು ಸಾಧ್ಯವಿಲ್ಲ, ಜೋಡಣೆಯ ಹಂತದಲ್ಲಿ ಮಾನವ ಕಾರಣವಿರಬೇಕು" ಎಂಬ ವಾಕ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು. ಸುತ್ತಿಗೆಯ ವಿಷಯವನ್ನೂ ಸೇರಿಸಿದೆ.

ವಿಚಾರಣೆ ಮ್ಯಾನೇಜರರ ಕೋಣೆಯಲ್ಲೇ ನಡೆಯಿತು. ಯೂನಿಯನ್ನಿನ ಒಬ್ಬರು ಗೋಡೆಗೊರಗಿ ಕೂತಿದ್ದರು. ಸಾಬ್ರು ನಿಂತೇ ಇದ್ದರು. ಮ್ಯಾನೇಜರು ಅವರ ನೋಟ್‌ಬುಕ್ಕನ್ನು ಕೇಳಿ ತೆಗೆದುಕೊಂಡು ಡ್ರಾಯರಿಗೆ ಹಾಕಿದರು. ಆಮೇಲೆ ನನ್ನ ವರದಿ ಓದಿದರು. ಇಂಗ್ಲಿಷಿನಲ್ಲಿ ಓದಿದ್ದು ಅರ್ಥವಾಗದೆ ಸಾಬ್ರು ನನ್ನ ಕಡೆ ತಿರುಗಿ, "ಮೇಡಂ, ಏನ್ ಮಾಡಿದ್ರಿ ನೀವು? ಕನ್ನಡದಲ್ಲಿ ಹೇಳಿ" ಎಂದರು.

ನಾನು ಡಬ್ಬಿಗಳ ವಿಷಯ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು.

"ಚೀಟಿ ಕಲಸಿದ್ರಾ?"

"ಹೌದ್ರಿ. ಪ್ರತಿ ಸಲಾನೂ ಡಬ್ಬಿ ಅಲ್ಲಾಡಿಸಿ, ಕಣ್ಣು ಮುಚ್ಚಿ ತಗದೀನಿ. ಮೋಸ ಇಲ್ಲ."

"ಮೋಸ ಅನ್ನಲಿಲ್ಲ ನಾನು," ಎಂದರು ಅವರು. "ಆದ್ರೆ ನನ್ ಹತ್ರ ಬರೋ ಟ್ರೇಯನ್ನ ಯಾರೂ ಅಲ್ಲಾಡ್ಸಲ್ಲ ಮೇಡಂ."

ಮ್ಯಾನೇಜರು ನಕ್ಕರು. ಯೂನಿಯನ್ನಿನವರೂ, ನನಗೆ ಕಂಡಂತೆ, ಮುಗುಳ್ನಕ್ಕರು. "ಸುತ್ತಿಗೆ ಯಾಕೆ ಹೊಡೀತೀಯ, ಅದು ಹೇಳು" ಎಂದರು ಮ್ಯಾನೇಜರು. "ಸದ್ದು ಕೇಳಕ್ಕೆ" ಎಂದು ಸಾಬ್ರು ಉತ್ತರಿಸಿದಾಗ ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಮುಂದಿನ ತೀರ್ಮಾನದವರೆಗೆ ಕೆಲಸಕ್ಕೆ ಬರಬಾರದೆಂದು ಒಂದು ಕಾಗದ ಅವರ ಕೈಗೆ ಹೋಯಿತು. ಅವರು ಅದನ್ನು ಮಡಿಸಿ, ನೋಟ್‌ಬುಕ್ಕು ಇರುತ್ತಿದ್ದ ಜೇಬಿನಲ್ಲಿಟ್ಟುಕೊಂಡು, ಸೈಕಲ್ ಹತ್ತಿ ಹೋದರು.

ಆ ಟ್ರೇಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆದರೂ ಮೊದಲಿಗೆ ನಾನದನ್ನು ನಂಬಲಿಲ್ಲ. ಜಾಣ ಮನುಷ್ಯ, ಎಲ್ಲರ ಎದುರು ನನ್ನ ಲೆಕ್ಕಕ್ಕೆ ಮಸಿ ಬಳಿಯಲು ನೋಡಿದ ಎಂದೇ ಅಂದುಕೊಂಡೆ. ಬಸ್ಸಿನಲ್ಲಿ ಕೂತಾಗ ಅವರ ಮುಖ ನೆನೆದು, ಅದರಲ್ಲಿ ಸುಳ್ಳಿನ ಗುರುತು ಹುಡುಕುತ್ತಿದ್ದೆ.

ಅವರ ಜಾಗಕ್ಕೆ ಬೇರೊಬ್ಬರನ್ನು ಹಾಕಿದರು. ಐದು ವಾರ ಕಳೆಯಿತು. ಆ ಐದು ವಾರದಲ್ಲಿ ತಯಾರಾಗಿ, ಸೋರುತ್ತ ವಾಪಸು ಬರತೊಡಗಿದ ಪಂಪುಗಳನ್ನು ನಾನು ಸೀಮೆಎಣ್ಣೆಯಲ್ಲಿ ಅದ್ದಿ ನೋಡಿದಾಗ ಬಿರುಕುಗಳು ಹಾಗೇ ಇದ್ದವು, ಎರಡನೇ ಪಾಳಿಯಲ್ಲೇ ಇದ್ದವು. ಸ್ವಲ್ಪ ಹೆಚ್ಚೇ ಆಗಿದ್ದವು. ನಾನು ಓಡಿಹೋಗಿ ಮ್ಯಾನೇಜರರಿಗೆ ಹೇಳಿದೆ. ಅವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು.

"ಇವನಿಗೂ ಹೇಳ್ಕೊಟ್ಟು ಹೋಗಿದಾನೆ ಅಂತಾಯ್ತು," ಎಂದರು.

ಆಗ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಯಾವ ಸಾಕ್ಷ್ಯ ಬಂದರೂ ಅದು ಒಂದೇ ಕಡೆಗೆ ವಾಲುತ್ತಿತ್ತು. ಒಡೆದರೆ ಸಾಬ್ರ ಕೈವಾಡ. ಅವರು ಇಲ್ಲದಾಗ ಒಡೆದರೂ ಅವರದೇ ಕೈವಾಡ. ಮ್ಯಾನೇಜರರಷ್ಟೇ ಹೀಗೆ ಎಂದುಕೊಳ್ಳುವಂತಿರಲಿಲ್ಲ. ಸುತ್ತಿಗೆಯನ್ನು ಕಂಡು ಬರೆದುಕೊಂಡವಳು ನಾನೇ. ಯಾಕೆ ತಟ್ಟುತ್ತೀರಿ ಎಂದು ಅವರನ್ನೊಮ್ಮೆ ಕೇಳಬಹುದಿತ್ತಲ್ಲ, ಕೇಳಿರಲಿಲ್ಲ.

ಟ್ರೇಗಳನ್ನು ಕೈಗಾಡಿಯಲ್ಲಿ ಸಾಗಿಸುತ್ತಿದ್ದವರು ರಾಜಾನುಕುಂಟೆ ಕಡೆಯ ಒಬ್ಬ ಹಿರಿಯರು. ಮಾರನೆಯ ದಿನ ಅವರ ಜೊತೆ ಗಾಡಿಯ ಪಕ್ಕ ನಡೆದುಕೊಂಡೇ ಹೋದೆ. ಟ್ರೇಗಳು ಯಾವ ಕ್ರಮದಲ್ಲಿ ಹೋಗುತ್ತವೆ ಎಂದು ಕೇಳಿದೆ. ಅವರು ನನ್ನನ್ನು ಅನುಮಾನದಿಂದಲೇ ನೋಡಿದರು.

"ಯಾಕಮ್ಮ, ನನ್ ಮ್ಯಾಲೂ ಬರೀತೀರಾ?"

"ಇಲ್ಲ, ತಿಳ್ಕೊಳ್ಳಾಕ ಕೇಳಿದೆ."

"ಇಂಗೇ. ಬಂದ್ ಬಂದಂಗೇ ತಗಂಡ್ ಓಗ್ತೀನಿ. ಬೆಳಗಿಂದು ಬೆಳಗಿನ ಪಾಳೀಗೆ. ಊಟ ಆದ್ಮ್ಯಾಲೆ ಆಗಿದ್ದು ತೊಳ್ದು, ಅಳ್ದು ಆಚೆ ಬರೋ ಒತ್ಗೆ ಎರಡ್ನೇ ಪಾಳಿ. ಅದು ಅವರ್ಗೆ. ಅವ್ರು ಎಲ್ಲಾ ಮುಗ್ಸೇ ಓಗ್ಬೇಕು, ಬೆಳಗ್ಗೆಗೆ ಒಂದೂ ಉಳೀಬಾರ್ದು."

ತೂತು ಕೊರೆಯುವ ಯಂತ್ರವೂ ಬುಷ್ ಮಾಡುವ ಲೇತೂ ಹಗಲು ಮಾತ್ರ ನಡೆಯುತ್ತಿದ್ದವು. ಎರಡಕ್ಕೂ ಹೊಸ ಉಳಿ ಹಾಕುವುದು ಬೆಳಿಗ್ಗೆ ಏಳಕ್ಕೆ, ದಿನಕ್ಕೆ ಒಂದೇ ಸಲ. ನಾನು ಎರಡೂ ಯಂತ್ರಗಳ ಬಳಿ ನಿಂತು, ಗಂಟೆಗೊಮ್ಮೆ ಕೆಲವು ಭಾಗಗಳನ್ನು ಎತ್ತಿ ಅಳೆದು, ಈ ಸಲ ಅಳತೆಯ ಪಕ್ಕದಲ್ಲಿ ಹೊತ್ತನ್ನೂ ಬರೆದೆ. ರಿಜಿಸ್ಟರಿನಲ್ಲಿ ಹೊತ್ತು ಬರೆಯುವ ಕಾಲಮ್ಮೇ ಇರಲಿಲ್ಲ.

ಮೂರನೆಯ ದಿನದ ಹೊತ್ತಿಗೆ ಸಂಗತಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಉಳಿ ಕೆಲಸ ಮಾಡುತ್ತ ಮಾಡುತ್ತ ಸವೆಯುತ್ತದೆ. ಸವೆದ ಉಳಿ ಕಡಿಮೆ ಲೋಹ ತೆಗೆಯುತ್ತದೆ. ತೂತು ಕೊರೆಯುವ ಯಂತ್ರದಲ್ಲಿ ಕಡಿಮೆ ತೆಗೆದರೆ ತೂತು ಚಿಕ್ಕದಾಗುತ್ತದೆ. ಲೇತಿನಲ್ಲಿ ಕಡಿಮೆ ತೆಗೆದರೆ ಬುಷ್ ದಪ್ಪವಾಗುತ್ತದೆ. ಬೆಳಿಗ್ಗೆ ತೂತು ದೊಡ್ಡದು, ಬುಷ್ ತೆಳು. ಮಧ್ಯಾಹ್ನ ಮೂರರ ಹೊತ್ತಿಗೆ ತೂತು ಚಿಕ್ಕದು, ಬುಷ್ ದಪ್ಪ. ಒಂದು ಭಾಗವೂ ಡ್ರಾಯಿಂಗಿನ ಮಿತಿ ದಾಟುತ್ತಿರಲಿಲ್ಲ. ಮಿತಿಯೊಳಗಿದ್ದರೆ ಯಂತ್ರ ಮುಟ್ಟಬಾರದು ಎಂಬುದು ನಮ್ಮ ವಿಭಾಗದ್ದೇ ನಿಯಮ. ಹೀಗೆ ದಿನದ ಅತಿ ಚಿಕ್ಕ ತೂತುಗಳೂ ಅತಿ ದಪ್ಪ ಬುಷ್‌ಗಳೂ ಒಂದೇ ಗಾಡಿಯಲ್ಲಿ, ಒಂದೇ ಹೊತ್ತಿಗೆ, ಒಬ್ಬನೇ ಮನುಷ್ಯನ ಮುಂದೆ ಹೋಗಿ ನಿಲ್ಲುತ್ತಿದ್ದವು.

ನಾನು ಡಬ್ಬಿಯಲ್ಲಿ ಬೆಳಗನ್ನೂ ಸಂಜೆಯನ್ನೂ ಕಲಸಿಬಿಟ್ಟಿದ್ದೆ.

ಮತ್ತೆ ಚೀಟಿ ಬರೆದೆ. ಈ ಸಲ ಅತ್ತೆಯ ಅಡುಗೆಮನೆಯ ಲೋಟಗಳನ್ನೆಲ್ಲ ಕೇಳಿ ತೆಗೆದುಕೊಂಡು ಗಂಟೆಗೊಂದರಂತೆ ಜೋಡಿಸಿಟ್ಟೆ. ಎರಡು ಗಂಟೆಯ ತೂತು ಎರಡು ಗಂಟೆಯ ಬುಷ್ಷಿಗೇ ಸೇರಬೇಕು. ಗೋಡೆಯ ದಪ್ಪ ಮಾತ್ರ ಎರಕದ ಮನೆಯಿಂದಲೇ ಕಲಸಿ ಬರುತ್ತಿದ್ದುದರಿಂದ ಅದರ ಡಬ್ಬಿ ಅಲ್ಲಾಡಿಸಬಹುದಿತ್ತು. ಎರಡು ಭಾನುವಾರ ಹಿಡಿಯಿತು. ಬೆಳಗಿನ ಲೋಟಗಳಿಂದ ಒಂದೂ ಮಿತಿ ಮೀರಲಿಲ್ಲ. ಮಧ್ಯಾಹ್ನದ ಲೋಟಗಳಿಂದ ಎತ್ತಿದವುಗಳಲ್ಲಿ ಗೋಡೆ ತೆಳುವಾದದ್ದು ಸಿಕ್ಕಾಗಲೆಲ್ಲ ಒತ್ತಡ ಮಿತಿ ದಾಟಿತು. ಹೊಲದಿಂದ ವಾಪಸು ಬರುತ್ತಿದ್ದ ಪ್ರಮಾಣಕ್ಕೆ ಅದು ಎಷ್ಟು ಹತ್ತಿರವಿತ್ತೆಂದರೆ ನನಗೆ ನನ್ನ ಲೆಕ್ಕದ ಮೇಲೆಯೇ ಅನುಮಾನ ಹುಟ್ಟಿತು. ಮೊದಲ ಸಲ ಬೇಕಾದ ಉತ್ತರ ಬಂತು, ಈಗಲೂ ಬೇಕಾದ ಉತ್ತರವೇ ಬರುತ್ತಿದೆಯಲ್ಲ ಎಂದು ಎಲ್ಲವನ್ನೂ ಇನ್ನೊಮ್ಮೆ ಹಾಕಿ ನೋಡಿದೆ. ಅಷ್ಟೇ ಬಂತು.

ಮ್ಯಾನೇಜರು ಹಾಳೆಗಳನ್ನು ಎರಡು ದಿನ ಇಟ್ಟುಕೊಂಡರು. ಮೂರನೆಯ ದಿನ ಕರೆದು, "ಯಾರು ಹೇಳಿದ್ರು ಹೀಗ್ ಮಾಡು ಅಂತ?" ಎಂದರು.

"ಅವರೇ ಹೇಳಿದ್ರಲ್ಲ ಸರ್, ವಿಚಾರಣೆ ದಿವಸ. ಟ್ರೇ ಯಾರೂ ಅಲ್ಲಾಡ್ಸೂದಿಲ್ಲ ಅಂತ."

ನಾನು ಧೈರ್ಯ ಮಾಡಿ ನೋಟ್‌ಬುಕ್ಕು ಕೇಳಿದೆ. "ಓದ್ಸಿ ಆಯ್ತು ಅದನ್ನ. ಬರೀ ನಂಬರ್ರು. ಏನೋ ಗುರುತು ಭಾಷೆ ಇರ್ಬೇಕು" ಎಂದು ಹೇಳಿ, ನನಗೆ ಕೊಡದೆ, ತಮ್ಮೆದುರೇ ಒಂದು ಪುಟ ನಕಲು ಮಾಡಿಕೊಳ್ಳಲು ಬಿಟ್ಟರು. ಉರ್ದು ಅಂಕಿ ನನಗೆ ಗೊತ್ತಿರಲಿಲ್ಲ. ಚಿತ್ರ ಬರೆದಂತೆ ಬರೆದುಕೊಂಡೆ.

ಆ ಭಾನುವಾರ ಯಲಹಂಕಕ್ಕೆ ಹೋದೆ. ವಿಳಾಸವನ್ನು ಗಾಡಿ ತಳ್ಳುವ ಹಿರಿಯರು ಹೇಳಿದ್ದರು, ಬಹಳ ಹಿಂದೆಮುಂದೆ ನೋಡಿ. ಸಾಬ್ರು ಬಾಗಿಲಲ್ಲಿ ನಿಂತು, ನನ್ನನ್ನೂ ನನ್ನ ಹಿಂದಿನ ಬೀದಿಯನ್ನೂ ನೋಡಿದರು.

"ಮ್ಯಾನೇಜರ್ ಕಳ್ಸಿದ್ರಾ?"

"ಇಲ್ಲ. ನಾನಾಗೇ ಬಂದೀನಿ."

"ಅವರಿಗೆ ಗೊತ್ತಾ ನೀವ್ ಬಂದಿರೋದು?"

"ಗೊತ್ತಿಲ್ಲ."

"ಹಾಗಾದ್ರೆ ಗೊತ್ತಾದ್ಮೇಲೆ ಅದೂ ನನ್ ತಲೆಗೇ ಬರತ್ತೆ," ಎಂದರು. ಆದರೂ ಒಂದು ಕುರ್ಚಿ ತಂದು, ಬೀದಿಗೆ ಕಾಣುವಂತೆ ಹೊಸ್ತಿಲ ಹೊರಗೇ ಹಾಕಿದರು. ತಾವು ಒಳಗೆ ನಿಂತರು. ಅವರ ಹೆಂಡತಿ ಚಹಾ ತಂದುಕೊಟ್ಟು ಬಾಗಿಲ ಮರೆಯಲ್ಲಿ ನಿಂತರು.

ನಾನು ನಕಲು ಮಾಡಿದ ಪುಟ ಕೊಟ್ಟೆ. ಅವರು ಅದನ್ನು ತಿರುಗಿಸಿ ಸರಿಯಾಗಿ ಹಿಡಿದರು. "ತಲೆಕೆಳಗೆ ಹಿಡ್ಕೊಂಡಿದೀರ" ಎಂದಷ್ಟೇ ಹೇಳಿ, ಓದತೊಡಗಿದರು. ಮೊದಲ ಕಾಲಮ್ಮು ಹೊತ್ತು. ಪಕ್ಕದ್ದು ಪ್ರೆಸ್ಸಿನ ಮೀಟರಿನ ಮುಳ್ಳು ನಿಂತ ಜಾಗ, ಅಂದರೆ ಬುಷ್ ಕೂರಿಸಲು ಬೇಕಾದ ಬಲ. ಬಿಗಿ ಹೆಚ್ಚಿದಷ್ಟೂ ಮುಳ್ಳು ಮೇಲೆ ಹೋಗುತ್ತದೆ. ಅವರು ಅಂಕಿ ಹೇಳುತ್ತ ಹೋದರು, ನಾನು ನನ್ನ ಹಾಳೆಯ ಅಂಕಿಗಳ ಪಕ್ಕ ಬರೆಯುತ್ತ ಹೋದೆ. ಮೂರನೇ ಸಾಲಿಗೇ ಎರಡೂ ತಾಳೆಯಾಗುವುದು ಕಂಡಿತು. ಪ್ರತಿ ದಿನ, ಟ್ರೇ ಬದಲಾದಂತೆ, ಮುಳ್ಳು ಏರುತ್ತಿತ್ತು. ನಾನು ಲೋಟಗಳನ್ನು ಜೋಡಿಸಿ ಕಂಡುಕೊಂಡದ್ದನ್ನು ಅವರು ಪಂಪು ಮಾಡುತ್ತಲೇ ತಿಂಗಳುಗಟ್ಟಲೆ ಬರೆದಿಟ್ಟಿದ್ದರು.

"ಇದನ್ನ ಯಾಕ್ರಿ ಆವತ್ತು ತೋರಿಸ್ಲಿಲ್ಲ?"

"ಎರಡು ಸಲ ಹೋಗಿದ್ನಲ್ಲ. ರಿಜಿಸ್ಟರ್ ತೋರ್ಸಿ ಕಳ್ಸಿದ್ರು. ಮೂರನೇ ಸಲ ಹೋಗೋಕೆ ಮುಂಚೆ ಎಲ್ಲಾ ಬರೆದಿಟ್ಕೋಬೇಕು ಅಂತಿದ್ದೆ. ಅಷ್ಟ್ರಲ್ಲಿ ನೀವು ಬಂದ್ರಿ."

ಸುತ್ತಿಗೆಯ ವಿಷಯವನ್ನು ಆಗ ಕೇಳಿದೆ. ಅವರು ಒಳಗಿನಿಂದ ಒಂದು ಹಿತ್ತಾಳೆ ಲೋಟ ತಂದು ಬೆರಳಲ್ಲಿ ತಟ್ಟಿದರು. ಗಣ್ ಎಂದು ಸದ್ದಾಯಿತು. ಒಳ್ಳೆ ಎರಕ ಹೀಗೆ ಹೇಳುತ್ತದೆ, ಒಳಗೆ ಸೀಳಿದ್ದು ಮಂಕಾಗಿ ಹೇಳುತ್ತದೆ, ಅಂಥವನ್ನು ಪಕ್ಕಕ್ಕಿಡುತ್ತಿದ್ದೆ ಎಂದರು. ಬದಲಿ ಬಂದವನ ಪಾಳಿಯಲ್ಲಿ ಬಿರುಕು ತುಸು ಹೆಚ್ಚಾದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ನಾನು ಕ್ಷಮೆ ಕೇಳಿದೆ. ಬಾಗಿಲ ಮರೆಯಿಂದ ಅವರ ಹೆಂಡತಿ ಉರ್ದುವಿನಲ್ಲಿ ಏನೋ ಅಂದರು. ಸಾಬ್ರು ಅದನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿನದ್ದು ಬೇಗ ನಡೆಯಿತು. ಊಟದ ಬಿಡುವಿನಲ್ಲಿ ಇನ್ನೊಮ್ಮೆ ಉಳಿ ಬದಲಿಸುವುದೆಂದೂ, ಬುಷ್‌ಗಳನ್ನು ಎರಡು ಗಾತ್ರವಾಗಿ ವಿಂಗಡಿಸಿ ದಪ್ಪನೆಯವನ್ನು ದೊಡ್ಡ ತೂತಿಗೆ ಕೊಡುವುದೆಂದೂ ತೀರ್ಮಾನವಾಯಿತು. ಸೀಮೆಸುಣ್ಣದ ಪುಡಿಯ ಮೇಲೆ ಗೆರೆ ಮೂಡುವುದು ನಿಂತೇಹೋಯಿತು. ಸಾಬ್ರಿಗೆ ವಾಪಸು ಬರಲು ಕಾಗದ ಹೋಯಿತು. ಅದರಲ್ಲಿ, ಸಾಕಷ್ಟು ಪುರಾವೆ ದೊರೆಯದ ಕಾರಣ ಅವರ ಮೇಲಿನ ಕ್ರಮ ಕೈಬಿಡಲಾಗಿದೆ ಎಂದಿತ್ತು.

ಅವರು ಆ ಕಾಗದ ಹಿಡಿದು ನೇರವಾಗಿ ನನ್ನ ಮೇಜಿನ ಬಳಿ ಬಂದರು.

"ಪುರಾವೆ ಸಿಗ್ಲಿಲ್ಲ ಅಂತಿದೆ," ಎಂದರು. "ಅಂದ್ರೆ ಮಾಡಿದಾನೆ, ಸಿಕ್ಕಿ ಬೀಳ್ಲಿಲ್ಲ ಅಂತಾನೂ ಆಗತ್ತೆ ಅಲ್ವಾ?"

"ಹಂಗ ಅರ್ಥ ಮಾಡ್ಕೋಬ್ಯಾಡ್ರಿ."

"ನಾನು ಮಾಡ್ಕೊಳ್ಳಲ್ಲ. ನಾಳೆ ಇದನ್ನ ಬೇರೆಯವರು ಓದ್ತಾರೆ."

ಮ್ಯಾನೇಜರು ಕಾಗದ ಬದಲಿಸಲು ಒಪ್ಪಲಿಲ್ಲ. ಆಫೀಸಿನ ಭಾಷೆಯೇ ಹಾಗೆ ಎಂದರು. ನೀನು ಅವರ ಮನೆಗೆ ಹೋಗಿದ್ದು ನನಗೆ ಗೊತ್ತಿದೆ ಎಂದೂ ಸೇರಿಸಿದರು. ಯಾರು ಹೇಳಿದರೆಂದು ನನಗೆ ಇಂದಿಗೂ ತಿಳಿಯದು. ಅಂದು ಸಂಜೆ ನಾನೇ ಒಂದು ಕಾಗದ ಬರೆದೆ, ಕನ್ನಡದಲ್ಲಿ, ಪದಕ್ಕೆ ಪದ ಯೋಚಿಸಿ. ಬಿರುಕುಗಳಿಗೆ ಕಾರಣ ಉಳಿಯ ಸವೆತ ಮತ್ತು ಟ್ರೇಗಳ ಕ್ರಮ ಎಂದೂ, ಪ್ರೆಸ್ ನಡೆಸುವವರ ತಪ್ಪು ಇರಲಿಲ್ಲವೆಂದೂ, ಅವರು ಇದನ್ನು ಎಲ್ಲರಿಗಿಂತ ಮೊದಲೇ ಹೇಳಿದ್ದರೆಂದೂ, ನನ್ನ ಮೊದಲ ವರದಿ ತಪ್ಪಾಗಿತ್ತೆಂದೂ ಬರೆದು ಸಹಿ ಹಾಕಿದೆ. ಸಾಬ್ರು ಅದನ್ನು ಎರಡು ಸಲ ಓದಿ, "ಇರಲಿಲ್ಲ" ಎಂಬ ಪದದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಮಡಿಸಿ ಜೇಬಿಗಿಟ್ಟರು.

"ನಿಮ್ ಹತ್ರಾನೂ ಒಂದ್ ಕಾಪಿ ಇರ್ಲಿ," ಎಂದರು. "ನಾಳೆ ಇದನ್ನ ನಾನೇ ಬರ್ಕೊಂಡಿದೀನಿ ಅಂತ ಯಾರಾದ್ರೂ ಅಂದ್ಬಿಟ್ರೆ ಕಷ್ಟ."

ಆ ವರ್ಷ ನನ್ನ ಕೆಲಸ ಖಾಯಂ ಆಗಬೇಕಿತ್ತು, ಆಗಲಿಲ್ಲ. ಮುಂದಿನ ವರ್ಷವೂ ಮುಂದೂಡಿದರು. ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲಕ್ಕೆ ನಾನು ಯಶವಂತಪುರದ ಇನ್ನೊಂದು ಕಾರ್ಖಾನೆಗೆ ಹೋದೆ. ಹೋಗುವವರೆಗೂ ವಾರಕ್ಕೆರಡು ದಿನ ಎರಡೂವರೆಗೆ ಪ್ರೆಸ್ಸಿನ ಪಕ್ಕ ನಿಂತು ಮೀಟರಿನ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸಕ್ಕೆ ಸೇರಿತ್ತು. ಅದನ್ನು ಕೇಳಿ ಹಾಕಿಸಿಕೊಂಡವಳು ನಾನೇ.

ಮೊದಲ ದಿನ ಸಾಬ್ರು ಬಾಡಿಯನ್ನು ತಟ್ಟಿ ನೋಡಿ, ಪ್ರೆಸ್ಸಿಗಿಟ್ಟು, ಹಿಡಿ ಎಳೆದರು. ಬುಷ್ ಒಳಗೆ ಇಳಿಯಿತು. ಅವರು ಅಂಕಿ ಹೇಳಿದರು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

"ಮೀಟರ್ ನೋಡಿ ಬರ್ಕೊಳ್ಳಿ ಮೇಡಂ," ಎಂದರು ಅವರು. "ನನ್ ಬಾಯಿಂದ ಕೇಳಿ ಬರೀಬೇಡಿ."

ನಾನು ತಲೆಯೆತ್ತಿ ನೋಡಿದೆ. ಅವರು ಹೇಳಿದ್ದ ಅಂಕಿಯೇ ಇತ್ತು. ಅವರು ಮುಂದಿನ ಬಾಡಿ ಕೈಗೆತ್ತಿಕೊಂಡು, ನಾನು ನೋಡಿದ್ದನ್ನು ಖಚಿತ ಮಾಡಿಕೊಂಡ ಮೇಲೆಯೇ ಸುತ್ತಿಗೆ ಎತ್ತಿದರು.